ಇಂಡೊನೇಷ್ಯಾದ ಅಚ್ಚು, ಮಂಡ್ಯದ ಬೆಲ್ಲ: ಅದ್ಭುತ ಕತೆ ಬರೆಸುವ ಪೆಟ್ಟಿಗೆ ಹೇಗಿದೆ?

ಪೆಟ್ಟಿಗೆ ಬಿಚ್ಚಿದರೆ ಒಳಗೆ ಸಿಗುವುದು ಇಷ್ಟು: 48 ಪುಟದ ಅಭ್ಯಾಸ ಪುಸ್ತಕ, 36 ಕಾರ್ಡು, ಗೋಡೆಗೆ ಅಂಟಿಸುವ ಒಂದು ಚಾರ್ಟು, ಮೇಷ್ಟ್ರಿಗೆಂದು 16 ಪುಟದ ಕೈಪಿಡಿ. ಬೆಲೆ 450 ರೂಪಾಯಿ. ಅಭ್ಯಾಸ ಪುಸ್ತಕ ಮಾತ್ರ ಸಾಕು ಅಂದರೆ ಪ್ರತಿಗೆ 60. ಮೈಸೂರಿನ ಕೆಲವು ಕನ್ನಡ ಅಧ್ಯಾಪಕರು ಸೇರಿ 8ನೇ ತರಗತಿಗೆಂದು ಮಾಡಿ, ಮೈಸೂರು ಮತ್ತು ಮಂಡ್ಯ ಕಡೆಯ ಶಾಲೆಗಳಿಗೆ ಕೈಯಿಂದ ಕೈಗೆ ದಾಟಿಸುತ್ತಿರುವ ಸಾಮಗ್ರಿ ಇದು. ಫ್ಯಾಂಟಸಿ ಕತೆ ಓದಿಸಿ ಪ್ರಶ್ನೋತ್ತರ ಬರೆಸುವುದು ಇದರ ಕೆಲಸವಲ್ಲ. ಮಕ್ಕಳು ತಾವೇ ಒಂದು ಕತೆ ಬರೆದು ಮುಗಿಸಬೇಕು.

ಮೊದಲೇ ಹೇಳಿಬಿಡೋಣ. ಕಾರ್ಡುಗಳಿಗೂ, ಮಾಯೆಗೆ ತೆರುವ ಬೆಲೆಯನ್ನು ಬರೆಸುವ 'ಬೆಲೆ ಚೀಟಿ' ಅನ್ನುವ ಹಾಳೆಗೂ ಕೊಟ್ಟ ದುಡ್ಡು ಸಾರ್ಥಕ. ಆದರೆ 19ರಿಂದ 22ನೇ ಪುಟದವರೆಗಿನ ಭಾಷೆಯ ಪಾಠವನ್ನು ಇದ್ದ ಹಾಗೇ ಮಾಡಿಸಿದರೆ ಮಕ್ಕಳ ಕನ್ನಡ ಕೆಡುತ್ತದೆ. ಆ ನಾಲ್ಕು ಪುಟ ಹುಟ್ಟಿದ್ದು ಬೇರೆ ಭಾಷೆಗಾಗಿ.

ಈ ಪಾಠದ ಅಚ್ಚು, ಅಂದರೆ ಮಾದರಿ, ಬಂದದ್ದು ಇಂಡೊನೇಷ್ಯಾದಿಂದ. ಅಲ್ಲಿನ 2013ರ ಪಠ್ಯಕ್ರಮ 7ನೇ ತರಗತಿಯ ಭಾಷಾ ಪಾಠದಲ್ಲಿ 'ಚೆರಿತಾ ಫಾಂತಾಸಿ'ಗೆ ಪ್ರತ್ಯೇಕ ಜಾಗವನ್ನೇ ಕೊಟ್ಟಿತ್ತು. ಚೆರಿತಾ ಅಂದರೆ ಕತೆ. ನಮ್ಮ 'ಚರಿತ'ವೇ ಹಡಗು ಹತ್ತಿ ಹೋಗಿ ಅಲ್ಲಿ ನೆಲೆ ನಿಂತದ್ದು. ನಮ್ಮಲ್ಲಿ 'ಒಂದು ಕತೆ ಬರೆಯಿರಿ' ಅನ್ನುವುದು ಪಾಠದ ಕೊನೆಯ ಚಟುವಟಿಕೆ, ಸಮಯವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಲ್ಲಿ ಅದೇ ಗುರಿ, ಅದಕ್ಕೆ ಹತ್ತಲು ನಾಲ್ಕು ಮೆಟ್ಟಿಲು: ಕತೆಯ ಅಂಶಗಳನ್ನು ಗುರುತಿಸುವುದು, ಓದಿದ್ದನ್ನು ಅಥವಾ ಕೇಳಿದ್ದನ್ನು ಮತ್ತೆ ಹೇಳುವುದು, ರಚನೆಯನ್ನೂ ಭಾಷೆಯನ್ನೂ ಬಿಡಿಸಿ ನೋಡುವುದು, ಆಮೇಲೆ ಸ್ವಂತ ಕತೆ. ರಚನೆಗೆ ಮೂರೇ ಖಾನೆ: ಒರಿಯೆಂತಾಸಿ, ಕೊಂಪ್ಲಿಕಾಸಿ, ರೆಸೊಲುಸಿ. ಪೆಟ್ಟಿಗೆಯವರು ಇವನ್ನು ಪರಿಚಯ, ತೊಡಕು, ಬಿಡಿಸಿಕೆ ಎಂದು ಮಾಡಿಕೊಂಡಿದ್ದಾರೆ. 'ತೊಡಕು' ಬಹಳ ಚೆನ್ನಾಗಿ ಕೂತಿದೆ. ಮಕ್ಕಳಿಗೆ 'ಸಂಘರ್ಷ' ಅಂದರೆ ಹೊಡೆದಾಟ. ತೊಡಕು ಅಂದರೆ ದಾರ ಗಂಟುಬಿದ್ದದ್ದು, ಬಿಡಿಸಬೇಕಾದದ್ದು.

ಇಂಡೊನೇಷ್ಯಾದ ಪಾಠ ಫ್ಯಾಂಟಸಿಯನ್ನು ಎರಡಾಗಿ ಸೀಳುತ್ತದೆ. ಜಗತ್ತೇ ಪೂರ್ತಿ ಕಟ್ಟಿದ್ದು ಒಂದು ಬಗೆ. ನಿಜವಾದ ಊರು, ಹೆಸರು, ನಡೆದ ಘಟನೆ ಇವುಗಳೊಳಕ್ಕೆ ಅದ್ಭುತ ನುಗ್ಗುವುದು ಇನ್ನೊಂದು. ಅಲ್ಲಿ ಅದಕ್ಕೆ 'ಫಾಂತಾಸಿ ಇರಿಸಾನ್' ಎನ್ನುತ್ತಾರೆ. ಕಾಲದ ಲೆಕ್ಕದಲ್ಲೂ ಎರಡು: ಒಂದೇ ಕಾಲದಲ್ಲಿ ನಡೆಯುವ ಕತೆ, ಕಾಲದಿಂದ ಕಾಲಕ್ಕೆ ದಾಟುವ ಕತೆ. 'ಇರಿಸಾನ್'ಗೆ ಪೆಟ್ಟಿಗೆಯಲ್ಲಿ 'ಬೆರಕೆ ಅದ್ಭುತ' ಎಂದು ಬರೆದಿದ್ದಾರೆ. ಬೆರಕೆ ಅಂದರೆ ನಮ್ಮ ಕಡೆ ಹಾಲಿಗೆ ನೀರು ಹಾಕಿದ ಹಾಗೆ ಕೇಳಿಸುತ್ತದೆ. 'ಹೆಣಿಗೆ' ಎಂದಿದ್ದರೆ ಸರಿಹೋಗುತ್ತಿತ್ತು. ಅದು ಸಣ್ಣ ವಿಷಯ. 8ನೇ ತರಗತಿಗೆ ಈ ಎರಡನೇ ಬಗೆಯಿಂದಲೇ ಶುರು ಮಾಡಿದ್ದಾರೆ, ಅದು ದೊಡ್ಡ ವಿಷಯ, ಸರಿಯಾದ ವಿಷಯ. ಪೂರ್ತಿ ಹೊಸ ಜಗತ್ತು ಕಟ್ಟಿ ಅಂದರೆ ಮಕ್ಕಳು ಹೆಸರುಗಳನ್ನಷ್ಟೇ ಕಟ್ಟುತ್ತಾರೆ. ಝೋರಾ ಗ್ರಹ, ಕ್ರಿಸ್ಟಲ್ ಕೋಟೆ, ಅಲ್ಲೊಬ್ಬ ರಾಜ. ಆ ಗ್ರಹದಲ್ಲಿ ನೆಲ ಹೇಗಿದೆ, ಬೆಳಿಗ್ಗೆ ಏನು ತಿನ್ನುತ್ತಾರೆ ಎಂದು ಕೇಳಿ, ಉತ್ತರವಿಲ್ಲ. ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಂದು ಬಾಗಿಲು ತೆರೆದುಕೊಂಡಿತು ಅಂದರೆ ಅರ್ಧ ಜಗತ್ತು ಆಗಲೇ ಕೈಯಲ್ಲಿದೆ.

ಕಾರ್ಡುಗಳು

36ರಲ್ಲಿ 12 ಜಾಗದ್ದು, 12 ವಸ್ತು ಅಥವಾ ಜೀವಿಯದ್ದು, 12 'ಹೀಗಾದರೆ?' ಅನ್ನುವ ತಿರುವಿನದ್ದು. ನಾಲ್ಕು ಮಕ್ಕಳ ಗುಂಪಿಗೆ ಮೂರು ಬಗೆಯಿಂದ ಒಂದೊಂದು. 48 ಮಕ್ಕಳವರೆಗೆ ಸಾಲುತ್ತದೆ. ಅದಕ್ಕಿಂತ ದೊಡ್ಡ ತರಗತಿಯಾದರೆ ಮೂರೂ ಬಗೆಯ ಕಾರ್ಡು ಕಡಿಮೆ ಬೀಳುತ್ತದೆ, ಎರಡು ಗುಂಪಿಗೆ ಅವೇ ಕಾರ್ಡು ಕೊಡಿ. ಅದರಿಂದ ನಷ್ಟವೇನಿಲ್ಲ. ಒಂದೇ ಜಾಗದಿಂದ ಎರಡು ಬೇರೆ ಕತೆ ಹುಟ್ಟುವುದನ್ನು ಮಕ್ಕಳು ಕಣ್ಣಾರೆ ನೋಡಲಿ.

ಜಾಗಗಳ ಆಯ್ಕೆಯಲ್ಲಿ ಊರಿನ ಮಣ್ಣಿದೆ. ತಲಕಾಡಿನ ಮರಳು, ಮೇಲುಕೋಟೆಯ ಅಕ್ಕತಂಗಿ ಕೊಳ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಮತ್ತು ನಡುವೆ ಕೂತ ನಂದಿ, ದೇವರಾಜ ಮಾರುಕಟ್ಟೆಯ ಹೂವಿನ ಸಾಲು, ಕೆಆರ್‌ಎಸ್ ಹಿನ್ನೀರು, ಒಂದು ಆಲೆಮನೆ. ಪ್ರತಿ ಕಾರ್ಡಿನ ಹಿಂದೆ ನಾಲ್ಕು ಪ್ರಶ್ನೆ: ಇಲ್ಲಿ ಏನು ಕೇಳಿಸುತ್ತದೆ? ಕಾಲ ಕೆಳಗೆ ಏನಿದೆ? ಯಾವ ಹೊತ್ತಿನಲ್ಲಿ ಈ ಜಾಗ ಬೇರೆಯಾಗುತ್ತದೆ? ಇಲ್ಲಿಗೆ ಯಾರು ಬರುವುದಿಲ್ಲ? ಕೊನೆಯ ಪ್ರಶ್ನೆ ಇಡೀ ಪೆಟ್ಟಿಗೆಯ ಚಿನ್ನ. 'ಯಾರು ಬರುವುದಿಲ್ಲ' ಎಂದು ಕೇಳಿದ ತಕ್ಷಣ 'ಯಾಕೆ' ಹುಟ್ಟುತ್ತದೆ, 'ಯಾಕೆ' ಹುಟ್ಟಿದರೆ ತೊಡಕು ಅರ್ಧ ಸಿಕ್ಕಂತೆ.

ಅಕ್ಕತಂಗಿ ಕೊಳದ ಕಾರ್ಡು ನೋಡಿ. ಎರಡು ಕೊಳ ಪಕ್ಕಪಕ್ಕದಲ್ಲೇ ಇದ್ದರೂ ಒಂದರ ನೀರು ಬಾಯಿಗೆ ಹಿತ, ಇನ್ನೊಂದರದು ಅಲ್ಲ ಅನ್ನುವ ಮಾತಿದೆಯಲ್ಲ, ಅಷ್ಟನ್ನೇ ಹೇಳಿ ಕಾರ್ಡು ಸುಮ್ಮನಾಗುತ್ತದೆ. ಐತಿಹ್ಯವನ್ನು ಪೂರ್ತಿ ಹೇಳಿದ್ದರೆ ಮಕ್ಕಳು ಅದನ್ನೇ ಇಳಿಸುತ್ತಿದ್ದರು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ್ದಾರೆ.

ಕೆಆರ್‌ಎಸ್ ಕಾರ್ಡಿನಲ್ಲಿ ಮಾತ್ರ ಒಂದು ತಪ್ಪಿದೆ. ನೀರು ತಳಕ್ಕಿಳಿದಾಗ ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ಕಾಣಿಸುತ್ತದೆ ಎಂದು ಬರೆದಿದ್ದಾರೆ. ಹಿಂದೆ ಕಾಣಿಸುತ್ತಿತ್ತು, ನಿಜ. ಈಗ ಆ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಫ್ಯಾಂಟಸಿಗೆ ಇದೆಲ್ಲ ಯಾಕೆ ಎನ್ನಬೇಡಿ. ಹೆಣಿಗೆ ಕತೆಯಲ್ಲಿ ನಿಜದ ಎಳೆ ಗಟ್ಟಿಯಿದ್ದರೆ ತಾನೇ ಸುಳ್ಳಿನ ಎಳೆ ನಿಲ್ಲುವುದು? ಪಾಂಡವಪುರದ ಕಡೆಯ ಮಗು ಎದ್ದು ನಿಂತು 'ಸಾ, ಆ ಗುಡಿ ಮ್ಯಾಲ್ಕಿತ್ತಾಕಿ ಕಟ್ಟವ್ರೆ' ಅಂದರೆ ಮೇಷ್ಟ್ರು ಏನು ಹೇಳುತ್ತಾರೆ? ಕಾರ್ಡನ್ನು ಹೀಗೆ ತಿದ್ದಿಕೊಂಡರೆ ಇನ್ನೂ ರುಚಿ: ಗುಡಿಯನ್ನು ಮೇಲೆ ತಂದರು, ತರಲು ಮರೆತದ್ದು ಒಂದಿದೆ, ಅದು ಇನ್ನೂ ನೀರೊಳಗಿದೆ. ಅಣೆಕಟ್ಟೆಯ ಭರ್ತಿ ಮಟ್ಟ 124.80 ಅಡಿ, ಯಾವ ಅಡಿಗೆ ಇಳಿದರೆ ಅದು ಕಾಣಿಸುತ್ತದೆ ಎಂದು ಮಗುವೇ ನಿರ್ಧರಿಸಲಿ. ಮಂಡ್ಯದ ಮಕ್ಕಳಿಗೆ ಆ ಅಂಕಿ ಹೇಳಿಕೊಡಬೇಕಾಗಿಲ್ಲ, ಮಳೆಗಾಲ ಬಂದರೆ ಮನೆಯಲ್ಲಿ ದಿನಾ ಕೇಳುತ್ತಾರೆ.

ಬೆಲೆ ಚೀಟಿ

14ನೇ ಪುಟದ ಈ ಅರ್ಧ ಹಾಳೆಗೆ ಇಂಡೊನೇಷ್ಯಾದ ಅಚ್ಚಿನಲ್ಲಿ ಸಮನಾದದ್ದು ಕಾಣಲಿಲ್ಲ. ಪೆಟ್ಟಿಗೆಯವರದೇ ಸೇರ್ಪಡೆ ಇರಬೇಕು. ಮೂರು ಸಾಲು ತುಂಬಬೇಕು. ಈ ಮಾಯೆ ಏನು ಮಾಡಬಲ್ಲದು? ಏನು ಮಾಡಲಾರದು? ಬಳಸಿದವರು ಏನನ್ನು ಕಳೆದುಕೊಳ್ಳುತ್ತಾರೆ?

ಮಾದರಿಗೆ ತಲಕಾಡಿನ ಅಲಮೇಲಮ್ಮನ ಶಾಪವನ್ನೇ ತೆಗೆದುಕೊಂಡಿದ್ದಾರೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ಹಿಡಿದ ನಂತರದ್ದು ಎಂದು ಹೇಳುವ ಕತೆ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂದು, ಒಡವೆಗಾಗಿ ಅರಸನ ಕಡೆಯವರು ಬೆನ್ನಟ್ಟಿದಾಗ ಅವಳು ಆಡಿದ ಮೂರು ಮಾತು. ಚೀಟಿಯಲ್ಲಿ ಇಟ್ಟು ನೋಡಿದರೆ ಅದರ ಕಟ್ಟು ಎಷ್ಟು ಬಿಗಿಯಾಗಿದೆ ಎಂದು ಗೊತ್ತಾಗುತ್ತದೆ. ಮಾಡಬಲ್ಲದು: ಎರಡು ಊರು, ಒಂದು ವಂಶ. ಮಾಡಲಾರದು: ಒಡವೆಯನ್ನೂ ಬದುಕನ್ನೂ ವಾಪಸು ಕೊಡಲಾರದು. ಬೆಲೆ: ಹೇಳಿದವಳು ಹೊಳೆಗೆ ಹಾರಬೇಕು. ಭೂಗೋಳದ ಮೇಷ್ಟ್ರು ತಲಕಾಡಿನ ಮರಳಿಗೆ ಬೇರೆ ಕಾರಣ ಹೇಳುತ್ತಾರೆ, ಹೇಳಲಿ. ಕನ್ನಡದ ಅವಧಿಯಲ್ಲಿ ಈ ಕಾರಣ.

ಈ ಚೀಟಿ ಇಲ್ಲದೆ ಬರೆಸಿದರೆ ಏನಾಗುತ್ತದೆ ಎಂಬುದು ಕತೆ ತಿದ್ದಿದ ಎಲ್ಲರಿಗೂ ಗೊತ್ತು. 40ರಲ್ಲಿ ಅರ್ಧ ಕತೆ 'ಅಷ್ಟರಲ್ಲಿ ಅಮ್ಮ ಎಬ್ಬಿಸಿದರು, ಅದೆಲ್ಲ ಕನಸಾಗಿತ್ತು' ಎಂದು ಮುಗಿಯುತ್ತದೆ. ಉಳಿದ ಅರ್ಧದಲ್ಲಿ ದೇವರು ಪ್ರತ್ಯಕ್ಷ. ಮಕ್ಕಳು ಸೋಮಾರಿಗಳೆಂದು ಬೈಯುವುದು ಸುಲಭ. ಮಾಯೆಗೆ ಮಿತಿಯಿಲ್ಲ ಅಂದಮೇಲೆ ನಾಯಕ ಏನು ಬೇಕಾದರೂ ಮಾಡಬಹುದು, ರಾಕ್ಷಸನೂ ಏನು ಬೇಕಾದರೂ ಮಾಡಬಹುದು, ಹಾಗಾಗಿ ತೊಡಕು ಬಿಡಿಸುವ ದಾರಿ ಕತೆಯೊಳಗೆ ಎಲ್ಲೂ ಇರುವುದಿಲ್ಲ. ಮಗು ಹೊರಗಿನಿಂದ ಬಾಗಿಲು ಒಡೆಯುತ್ತದೆ. ಆ ಬಾಗಿಲೇ ಕನಸು. ಮೂರನೇ ಸಾಲು ತುಂಬಿದ್ದರೆ ಕೊನೆ ತಾನೇ ಸಿಗುತ್ತದೆ: ಬೆಲೆ ಕೊಡುತ್ತಾನೋ ಇಲ್ಲವೋ? ಕೈಪಿಡಿಯಲ್ಲಿ 'ಕನಸಿನ ಮುಕ್ತಾಯ ಬೇಡ' ಎಂದು ದಪ್ಪಕ್ಷರದಲ್ಲಿ ಬರೆದಿದ್ದಾರೆ, ಸರಿ. ಬೇಡ ಅನ್ನುವುದಕ್ಕಿಂತ ಈ ಚೀಟಿಯೇ ಹೆಚ್ಚು ಕೆಲಸ ಮಾಡುತ್ತದೆ.

ಚೀಟಿಯಲ್ಲಿ ತುಂಬುವಾಗ ಬೀಳುವ ಗುಂಡಿ ಒಂದೇ. ಬೆಲೆಯ ಸಾಲಿನಲ್ಲಿ ಹೆಚ್ಚಿನವರು 'ಸಾಯುತ್ತಾನೆ' ಎಂದೋ 'ಶಕ್ತಿ ಹೋಗುತ್ತದೆ' ಎಂದೋ ಬರೆದು ಕೈ ತೊಳೆದುಕೊಳ್ಳುತ್ತಾರೆ. ಅಳೆಯಲು ಆಗುವಂಥದ್ದನ್ನೇ ಬರೆಯಬೇಕು ಎಂಬ ಷರತ್ತು ಹಾಕಿ: ಒಂದು ಸಲ ಬಳಸಿದರೆ ಒಂದು ಹೆಸರು ಮರೆತುಹೋಗುತ್ತದೆ, ಒಂದು ಗೇಣು ನೆರಳು ಕಡಿಮೆಯಾಗುತ್ತದೆ, ನಾಲಿಗೆಗೆ ಬೆಲ್ಲದ ರುಚಿ ಮಾತ್ರ ಗೊತ್ತಾಗುವುದಿಲ್ಲ. ಆಗ ಕತೆಯ ಮಧ್ಯದಲ್ಲಿ ಎರಡು ಮೂರು ಸಲ ಬೆಲೆ ತೆರಬಹುದು, ತೊಡಕು ಬಿಗಿಯಾಗುತ್ತಾ ಹೋಗುತ್ತದೆ.

ಕೆಟ್ಟಿರುವುದು ಎಲ್ಲಿ

ಈಗ ಆ ನಾಲ್ಕು ಪುಟ. ಇಂಡೊನೇಷ್ಯಾದ ಪಾಠ ಫ್ಯಾಂಟಸಿ ಕತೆಯ ಭಾಷಾ ಲಕ್ಷಣಗಳೆಂದು ಕೆಲವನ್ನು ಎತ್ತಿ ಹೇಳುತ್ತದೆ: ಯಾರ ಕಣ್ಣಿನಿಂದ ಕತೆ ಎಂದು ತೋರಿಸುವ ಸರ್ವನಾಮಗಳು, ಪಂಚೇಂದ್ರಿಯಕ್ಕೆ ತಾಗುವ ಮಾತುಗಳು, ಕಾಲದ ಕ್ರಮ ಹೇಳಿ ವಾಕ್ಯಗಳನ್ನು ಜೋಡಿಸುವ ಪದಗಳು, ಬೆಚ್ಚಿಬೀಳಿಸುವ ಮಾತುಗಳು, ಸಂಭಾಷಣೆ. ಆ ಭಾಷೆಗೆ ಅದು ಸರಿಯಾದ ಪಟ್ಟಿ. ಇಂಡೊನೇಷ್ಯನ್‌ನಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಮೊದಲು ಯಾವುದು, ಆಮೇಲೆ ಯಾವುದು ಎಂದು ತಿಳಿಸಲು 'ಕೆಮುದಿಯಾನ್', 'ಸೆತೆಲಾ ಇತು', ಥಟ್ಟನೆ ಆದದ್ದಕ್ಕೆ 'ತಿಬಾ-ತಿಬಾ', ಇಂಥ ಪದಗಳ ಮೇಲೆ ಹೆಚ್ಚು ಭಾರ ಬೀಳುತ್ತದೆ.

ಪೆಟ್ಟಿಗೆಯವರು 19ನೇ ಪುಟದಲ್ಲಿ ಇದನ್ನು 'ನಂತರ, ಆಮೇಲೆ, ತದನಂತರ, ಅಷ್ಟರಲ್ಲಿ, ಇದ್ದಕ್ಕಿದ್ದಂತೆ' ಎಂದು ಪಟ್ಟಿ ಮಾಡಿ, ಕತೆಯಲ್ಲಿ ಕನಿಷ್ಠ ಆರು ಬಳಸಿ ಎಂದು ಹೇಳಿದ್ದಾರೆ. ಫಲ ಹೀಗೆ ಬರುತ್ತದೆ: 'ಅವಳು ಬಾಗಿಲು ತೆರೆದಳು. ನಂತರ ಅವಳು ಒಳಗೆ ಹೋದಳು. ತದನಂತರ ಅವಳು ದೀಪ ನೋಡಿದಳು. ಇದ್ದಕ್ಕಿದ್ದಂತೆ ದೀಪ ಮಾತಾಡಿತು.' ವ್ಯಾಕರಣ ತಪ್ಪಿಲ್ಲ, ಆದರೆ ಯಾವ ಅಜ್ಜಿಯೂ ಹೀಗೆ ಕತೆ ಹೇಳುವುದಿಲ್ಲ. ಕನ್ನಡದಲ್ಲಿ ಕ್ರಮವನ್ನು ಕ್ರಿಯಾಪದವೇ ಹೊರುತ್ತದೆ: 'ಬಾಗಿಲು ತೆರೆದು, ಒಳಗೆ ಕಾಲಿಟ್ಟು, ದೀಪದತ್ತ ಬಗ್ಗಿದಳು. ದೀಪ ಅಂದಿತು: ಊದಬೇಡ.' ಒಂದೂ 'ನಂತರ' ಇಲ್ಲ, ಒಂದೂ 'ಇದ್ದಕ್ಕಿದ್ದಂತೆ' ಇಲ್ಲ, ಬೆಚ್ಚುವುದು ಮಾತ್ರ ಹೆಚ್ಚು.

ಹಾಗೆಂದು 'ಹೋಗಿ, ನೋಡಿ, ಬಂದು, ಕೂತು' ಎಂದು ಸರಪಳಿ ಬಿಟ್ಟರೆ ಮಕ್ಕಳು ಅರ್ಧ ಪುಟಕ್ಕೆ ಒಂದೇ ವಾಕ್ಯ ಎಳೆಯುತ್ತಾರೆ. ನಿಯಮ ಹೀಗಿರಲಿ: ಇಂಥ ಕೂಡುಮಾತು ಮೂರಕ್ಕೆ ನಿಲ್ಲಬೇಕು, ಮೂರರ ಆಚೆ ಪೂರ್ಣಕ್ರಿಯಾಪದ ಬಂದು ವಾಕ್ಯ ಮುಗಿಯಬೇಕು. ಅಚ್ಚರಿ ಏನಿದ್ದರೂ ಆಮೇಲಿನ ಗಿಡ್ಡ ವಾಕ್ಯದಲ್ಲಿ. 19ನೇ ಪುಟದ ಅಭ್ಯಾಸವನ್ನು ತಲೆಕೆಳಗು ಮಾಡಿದರೆ ಸಾಕು: ಆರು 'ನಂತರ' ಇರುವ ಒಂದು ಪ್ಯಾರಾ ಕೊಟ್ಟು, ಒಂದೂ ಉಳಿಯದಂತೆ ತಿದ್ದಿ ಎನ್ನಿ. ಹದಿನೈದು ನಿಮಿಷದ ಕೆಲಸ.

20ನೇ ಪುಟದ ಸರ್ವನಾಮದ ಪಾಠದಲ್ಲಿ ಆಗಿರುವುದು ಇನ್ನೂ ದೊಡ್ಡ ನಷ್ಟ. ಇಂಡೊನೇಷ್ಯನ್‌ನ 'ದಿಯಾ'ಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಅಲ್ಲಿ ಸರ್ವನಾಮದ ಪಾಠ ಅಂದರೆ 'ನಾನು' ಹೇಳುವ ಕತೆಯೋ, ಬೇರೆಯವರ ಬಗ್ಗೆ ಹೇಳುವ ಕತೆಯೋ ಎಂಬಷ್ಟೇ. ನಮ್ಮ ಪುಟವೂ ಅಷ್ಟಕ್ಕೇ ನಿಂತಿದೆ. ಕನ್ನಡದಲ್ಲಿ ಅವನು, ಅವಳು, ಅದು, ಅವರು ನಾಲ್ಕೂ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು ಬರುತ್ತವೆ. ಇದು ಫ್ಯಾಂಟಸಿ ಬರೆಯುವವರ ಕೈಗೆ ಸಿಕ್ಕ ವರ. ಒಂದು ಆಲದ ಮರ. 'ಅದು ಗಾಳಿಗೆ ತೂಗಿತು. ಅದು ಕೊಂಬೆ ಇಳಿಸಿತು. ಕೊಂಬೆಯಿಂದ ಮಗುವಿನ ತಲೆ ಸವರಿದಳು.' ಮೂರನೇ ವಾಕ್ಯದಲ್ಲಿ ಮರ ಹೆಣ್ಣಾಯಿತು, ಮಾಯೆ ಎಂಬ ಪದವನ್ನೇ ಎತ್ತಲಿಲ್ಲ. ಐದು ವಾಕ್ಯದ ಒಂದು ತುಣುಕು ಕೊಟ್ಟು, 'ಅದು' ಯಾವ ವಾಕ್ಯದಲ್ಲಿ 'ಅವಳು' ಆಗಬೇಕು, ಯಾಕೆ, ಎಂದು ಗುಂಪಿನಲ್ಲಿ ವಾದ ಮಾಡಿಸಿ. ಗೌರವದ ಬಹುವಚನಕ್ಕೂ ಇದೇ ಬಲವಿದೆ. ಮಲೆ ಮಾದಪ್ಪನನ್ನು ಹಾಡುವವರು 'ಬಾ' ಎಂದೇ ಕರೆಯುತ್ತಾರೆ, ಹೆಡ್‌ಮಾಸ್ಟರನ್ನು 'ಬನ್ನಿ' ಎನ್ನುತ್ತಾರೆ. ಕತೆಯಲ್ಲಿ ದೆವ್ವ ಮಗುವಿಗೆ 'ಬನ್ನಿ' ಅಂದರೆ ಮೈ ಜುಮ್ಮೆನ್ನುವುದು ಯಾಕೆ ಎಂದು ಕೇಳಿ ನೋಡಿ.

'ಅಂತೆ' ಬಗ್ಗೆ ಪೆಟ್ಟಿಗೆಯಲ್ಲಿ ಒಂದಕ್ಷರವಿಲ್ಲ. 'ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ' ಅಂದರೆ ಹೇಳುವವನಿಗೆ ಜವಾಬ್ದಾರಿಯಿಲ್ಲ, ಕೇಳಿದ್ದು, ಅಷ್ಟೆ. 'ಇದ್ದ' ಅಂದರೆ ನೋಡಿದ ಹಾಗೆ. ಮಕ್ಕಳು 'ಅಂತೆ'ಯಲ್ಲಿ ಶುರುಮಾಡಿ ಗೊತ್ತಿಲ್ಲದೆ ನೇರ ಭೂತಕಾಲಕ್ಕೆ ಜಾರುತ್ತಾರೆ. ಗೊತ್ತಿದ್ದೇ ಜಾರುವುದನ್ನು ಕಲಿಸಬಹುದು: ಪರಿಚಯವೆಲ್ಲ 'ಅಂತೆ', ಅದ್ಭುತ ನಡೆಯುವ ಆ ಒಂದು ಕ್ಷಣದಿಂದ 'ಅಂತೆ' ಮಾಯ.

ಪಂಚೇಂದ್ರಿಯದ 21ನೇ ಪುಟ ಪರವಾಗಿಲ್ಲ. ಆಲೆಮನೆಯ ಮಾದರಿ ತುಣುಕು ಚೆನ್ನಾಗಿದೆ: ಕೊಪ್ಪರಿಗೆಯಲ್ಲಿ ಕೊತಕೊತ ಕುದಿಯುವ ಕಬ್ಬಿನ ಹಾಲು, ಒಲೆಬಾಯಿಯ ಧಗೆ, ಕಾಲಿಗೆ ಒತ್ತುವ ಒಣ ಸಿಪ್ಪೆ. ಮದ್ದೂರು, ಮಳವಳ್ಳಿ ಕಡೆ ಇದು ಕಣ್ಣಿಗೆ ಕಟ್ಟುತ್ತದೆ, ಮೈಸೂರು ನಗರದ ಮಗು ಮಾತ್ರ 'ಸಿಹಿ ವಾಸನೆ ಬಂತು' ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತದೆ. ನಗರಕ್ಕೆ ಮಾರುಕಟ್ಟೆಯ ತುಣುಕನ್ನೇ ಮಾದರಿ ಮಾಡಿಕೊಳ್ಳಿ. 'ಸುಂದರವಾದ, ಭಯಾನಕವಾದ, ಅದ್ಭುತವಾದ' ಈ ಮೂರನ್ನು ನಿಷೇಧಿಸಿ, ಬದಲಿಗೆ ಒಂದಾದರೂ ಅನುಕರಣಾವ್ಯಯ ಕೇಳಿ. ಸರಸರ, ಗಿರಗಿರ, ಧಗಧಗ, ಪಿಸಪಿಸ: ಪರೀಕ್ಷೆಗೆ ಉದಾಹರಣೆ ಬಾಯಿಪಾಠ ಮಾಡಿ ಮರೆಯುವ ಪದಗಳಿಗೆ ಇಲ್ಲಿ ನಿಜವಾದ ಕೆಲಸ ಸಿಗುತ್ತದೆ.

22ನೇ ಪುಟದ ಸಂಭಾಷಣೆಯ ಸೂಚನೆ 'ಶುದ್ಧ ಗ್ರಂಥಸ್ಥ ಕನ್ನಡದಲ್ಲೇ ಬರೆಯಿರಿ' ಅನ್ನುತ್ತದೆ. ಒಪ್ಪಲಾಗದು. ನಿರೂಪಣೆ ಗ್ರಂಥಸ್ಥದಲ್ಲಿರಲಿ, ಮಾತು ಮಾತಿನಂತಿರಲಿ. ನೀರೊಳಗಿನ ಕನ್ನಂಬಾಡಿಯ ಅಜ್ಜಿ 'ಮಗುವೇ, ನಾನು ನೂರು ವರ್ಷಗಳಿಂದ ನಿರೀಕ್ಷಿಸುತ್ತಿರುವೆನು' ಅಂದರೆ ಅದು ಶಾಲಾ ವಾರ್ಷಿಕೋತ್ಸವದ ನಾಟಕ. 'ಎಲ್ಲಿಗೋಗಿದ್ದೆ ಕೂಸು, ನೂರ್ ವರ್ಸದಿಂದ ಕಾಯ್ತಾ ಕುಂತಿವ್ನಿ' ಅಂದರೆ ಅಜ್ಜಿ ಎದುರಿಗೆ ಕೂತಿದ್ದಾಳೆ. ಅಂಕ ಹೋಗುತ್ತದೆಂಬ ಭಯಕ್ಕೆ ಮದ್ದು ಸುಲಭ: ಉದ್ಧರಣ ಚಿಹ್ನೆಯೊಳಗಿನ ಆಡುಮಾತಿಗೆ ಅಂಕ ಕತ್ತರಿಸುವುದಿಲ್ಲ ಎಂದು ಮೊದಲ ದಿನವೇ ಬೋರ್ಡಿನ ಮೇಲೆ ಬರೆದುಬಿಡಿ.

ಅವಧಿಯ ಲೆಕ್ಕ, ಅಂಕದ ಲೆಕ್ಕ

ಕೈಪಿಡಿ 40 ನಿಮಿಷದ ಆರು ಅವಧಿ ಹೇಳುತ್ತದೆ: ಓದು, ಕಾರ್ಡು, ಬೆಲೆ ಚೀಟಿ, ಭಾಷೆ, ಬರವಣಿಗೆ, ತಿದ್ದುವಿಕೆ. ಮೂಲದ ನಾಲ್ಕು ಮೆಟ್ಟಿಲಲ್ಲಿ ಎರಡನೆಯದು, ಮತ್ತೆ ಹೇಳುವುದು, ಇಲ್ಲಿ ಕಳಚಿಬಿದ್ದಿದೆ. ಉಳಿತಾಯವಾದದ್ದು ಹತ್ತು ನಿಮಿಷ. ಕಳೆದುಕೊಂಡದ್ದು ಕತೆಯ ಬೆನ್ನೆಲುಬು. ಬಾಯಲ್ಲಿ ಹೇಳಲಾಗದ ಕತೆ ಕಾಗದದ ಮೇಲೆ ನಿಲ್ಲುವುದಿಲ್ಲ. ಮೂರನೇ ಅವಧಿಯ ಕೊನೆಗೆ ಇದನ್ನು ಸೇರಿಸಿ: ಇಬ್ಬಿಬ್ಬರು ಕೂತು ಒಬ್ಬರು ತಮ್ಮ ಕತೆ ಹೇಳಬೇಕು, ಇನ್ನೊಬ್ಬರು ಹೂಂಗುಟ್ಟಬೇಕು. ಮಂಟೇಸ್ವಾಮಿ ಕತೆ ಹಾಡುವ ನೀಲಗಾರರಲ್ಲೂ ಮುಂದಾಳಿನ ಜೊತೆ ದನಿಗೂಡಿಸುವವರು ಇರುತ್ತಾರಲ್ಲ, ಆ ಮಾದರಿ. ಎಲ್ಲಿ ಹೂಂಗುಟ್ಟುವುದು ನಿಂತು 'ಹೆಂಗೆ?' ಅನ್ನುವ ಪ್ರಶ್ನೆ ಬಂತೋ ಅಲ್ಲಿ ಕತೆಗೆ ತೂತು ಬಿದ್ದಿದೆ. ಹೇಳಿದವರು ಆ ಜಾಗಕ್ಕೆ ಪುಸ್ತಕದಲ್ಲಿ ಒಂದು ಚುಕ್ಕಿ ಇಟ್ಟುಕೊಳ್ಳಲಿ.

ಐದನೇ ಅವಧಿಯಲ್ಲಿ 300 ಪದದ ಕತೆ ಪೂರ್ತಿ ಬರೆಸಿ ಎಂದಿರುವುದು ಆಗದ ಮಾತು. ಹಾಜರಿ ಕಳೆದು ಉಳಿಯುವ 35 ನಿಮಿಷದಲ್ಲಿ ಬಹುಪಾಲು ಮಕ್ಕಳು ಪರಿಚಯದಲ್ಲೇ ಸಿಕ್ಕಿಕೊಳ್ಳುತ್ತಾರೆ: ಊರಿನ ಹೆಸರು, ಅಪ್ಪ ಅಮ್ಮ, ಮೂರು ಜನ ಗೆಳೆಯರ ಹೆಸರು. ಗಂಟೆ ಹೊಡೆಯುವ ಹೊತ್ತಿಗೆ ತೊಡಕು ಮೂರು ಸಾಲು, 'ಎಲ್ಲರೂ ಸುಖವಾಗಿದ್ದರು' ಒಂದು ಸಾಲು. ಹಾಗಾಗಿ ತರಗತಿಯಲ್ಲಿ ತೊಡಕಿನಿಂದಲೇ ಬರೆಯಿಸಿ, 150 ಪದ. ಮರುದಿನ ಬಿಡಿಸಿಕೆ, 80 ಪದ. ಪರಿಚಯ ಮನೆಯಲ್ಲಿ, 70ಕ್ಕೆ ಮೀರದಂತೆ. ಕೊನೆಗೆ ಬರೆದ ಪರಿಚಯ ಗಿಡ್ಡವಾಗಿಯೇ ಇರುತ್ತದೆ, ಏಕೆಂದರೆ ಮಗುವಿಗೆ ಆಗ ಯಾವ ಗೆಳೆಯ ಕತೆಗೆ ಬೇಡ ಎಂದು ಗೊತ್ತಿರುತ್ತದೆ. ಒಟ್ಟು ಏಳು ಅವಧಿ ಬೇಕು.

ಅಂಕದ ಪಟ್ಟಿ 20ಕ್ಕೆ: ರಚನೆ 5, ಭಾಷೆ 5, ಕಲ್ಪನೆ 5, ಕಾಗುಣಿತ 5. 'ಕಲ್ಪನೆ 5' ಅಂದರೇನು? ಒಂದೇ ಕತೆಗೆ ಒಬ್ಬರು 2 ಕೊಟ್ಟರೆ ಇನ್ನೊಬ್ಬರು 5 ಕೊಡುತ್ತಾರೆ, ಇಬ್ಬರೂ ಸರಿ. ಆ ಐದನ್ನು ಒಡೆಯಬಹುದು: ಚೀಟಿಯ ನಿಯಮ ಕೊನೆಯವರೆಗೆ ಮುರಿಯದಿದ್ದರೆ 2, ಜಾಗ ಬದಲಿಸಿದರೆ ಕತೆಯೂ ಬದಲಾಗಬೇಕಾಗುತ್ತದೆ ಅಂತಿದ್ದರೆ 2, ಬೆಲೆ ತೆತ್ತದ್ದು ಕಾಣಿಸಿದರೆ 1. ಕಾಗುಣಿತಕ್ಕೆ 5 ಹೆಚ್ಚಾಯಿತು, 3 ಸಾಕು. ಉಳಿದ 2 ತಿದ್ದಿದ ಕರಡಿಗೆ ಹೋಗಲಿ. ರೂಪಣಾತ್ಮಕ ಮೌಲ್ಯಮಾಪನದ ದಾಖಲೆಗೆ ಮೊದಲ ಕರಡು, ಬೆಲೆ ಚೀಟಿ, ತಿದ್ದಿದ ಪ್ರತಿ ಮೂರನ್ನೂ ಪಿನ್ನು ಹಾಕಿ ಇಟ್ಟರೆ ಬೇರೆ ಕಡತ ಬೇಡ.

ಹಿಂಬದಿಯ ಹೊದಿಕೆಯ ಮೇಲೆ 'ತಜ್ಞರ ಪರಿಶೀಲನೆಯಲ್ಲಿ 92%' ಎಂದು ಅಚ್ಚಾಗಿದೆ. ಇದೂ ಅಲ್ಲಿಂದಲೇ ಬಂದ ರೂಢಿ. ಇಂಡೊನೇಷ್ಯಾದಲ್ಲಿ ಬೋಧನಾ ಸಾಮಗ್ರಿ ತಯಾರಿಸುವುದೇ ಶಿಕ್ಷಣ ವಿಭಾಗಗಳ ಮಾಮೂಲಿ ಸಂಶೋಧನಾ ವಿಷಯ. ತ್ಯಾಗರಾಜನ್, ಡೊರೋಥಿ ಸೆಮ್ಮೆಲ್ ಮತ್ತು ಮೆಲ್ವಿನ್ ಸೆಮ್ಮೆಲ್ ಎಂಬ ಶಿಕ್ಷಣತಜ್ಞರು 1974ರಲ್ಲಿ ಕೊಟ್ಟ ನಾಲ್ಕು ಹಂತದ ವಿಧಾನವನ್ನೋ, ವಿಶ್ಲೇಷಣೆಯಿಂದ ಮೌಲ್ಯಮಾಪನದವರೆಗಿನ ಐದು ಹಂತದ ಇನ್ನೊಂದನ್ನೋ ಹಿಡಿದು, ವಿಷಯತಜ್ಞರು, ಭಾಷಾತಜ್ಞರು, ವಿನ್ಯಾಸತಜ್ಞರ ಕೈಲಿ ಅಂಕ ಹಾಕಿಸುತ್ತಾರೆ. ಲೆಕ್ಕ ಸರಳ. 20 ಪ್ರಶ್ನೆ, ಪ್ರತಿಯೊಂದಕ್ಕೆ 5 ಅಂಕ, ಮೂವರು ತಜ್ಞರು ಅಂದರೆ ಒಟ್ಟು 300. ಬಂದದ್ದು 276 ಆದರೆ 92%. ಮೂವರು ದೊಡ್ಡವರಿಗೆ ಪುಸ್ತಕ ಹಿಡಿಸಿತು ಎಂಬುದಷ್ಟೇ ಅದರ ಅರ್ಥ. ಮಕ್ಕಳ ಕತೆ ಸುಧಾರಿಸಿತೇ ಎಂಬುದಕ್ಕೆ ಅದೇ ಹತ್ತು ಮಕ್ಕಳ ಹಿಂದಿನ ಮತ್ತು ಮುಂದಿನ ಕತೆಗಳನ್ನು, ಯಾವುದು ಮೊದಲಿನದೆಂದು ಹೇಳದೆ, ಬೇರೆ ಶಾಲೆಯ ಮೇಷ್ಟ್ರಿಗೆ ಓದಲು ಕೊಡಬೇಕು. ಅದನ್ನು ಮಾಡಿದ ಸುಳಿವು ಕೈಪಿಡಿಯಲ್ಲಿಲ್ಲ. ಭಾಷಾತಜ್ಞರು 19ನೇ ಪುಟವನ್ನು ಹೇಗೆ ದಾಟಿಸಿದರೋ!

ಅಚ್ಚು ಮತ್ತು ಕಾಗದ

ಕಾರ್ಡು 300 ಜಿಎಸ್‌ಎಂ, ಮೂಲೆ ದುಂಡಗೆ ಕತ್ತರಿಸಿದ್ದಾರೆ, ಹಿಡಿಯಲು ಚೆನ್ನ. ಹೊಳಪಿನ ಲ್ಯಾಮಿನೇಶನ್ ಮಾತ್ರ ಕಿಟಕಿ ಬೆಳಕಿಗೆ ಕಣ್ಣು ಕುಕ್ಕುತ್ತದೆ, ಮ್ಯಾಟ್ ಹಾಕಿಸಬೇಕಿತ್ತು.

ಅಭ್ಯಾಸ ಪುಸ್ತಕದ ಗೆರೆಗಳ ನಡುವೆ 8 ಮಿಲಿಮೀಟರ್ ಜಾಗ. ಇಂಗ್ಲಿಷ್ ನೋಟ್‌ಬುಕ್‌ನ ಅಳತೆ. 'ರಾಷ್ಟ್ರ', 'ವಿಚಿತ್ರ', 'ಕಣ್ಣು' ಬರೆದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ, ಮಕ್ಕಳು ಒಂದು ಸಾಲು ಬಿಟ್ಟು ಬರೆಯುತ್ತಾರೆ, 300 ಪದಕ್ಕೆ ಕೊಟ್ಟ ಎರಡು ಪುಟ ಸಾಲದೆ ಹೋಗುತ್ತದೆ. 12 ಮಿಲಿಮೀಟರ್ ಬೇಕು.

ಪರಿಚಯಕ್ಕೆ ಹಳದಿ, ತೊಡಕಿಗೆ ಕೆಂಪು, ಬಿಡಿಸಿಕೆಗೆ ಹಸಿರು ಹಿನ್ನೆಲೆ ಕೊಟ್ಟಿದ್ದಾರೆ. ಸರ್ಕಾರಿ ಶಾಲೆಯಲ್ಲಿ ಇದು ಕಪ್ಪು ಬಿಳುಪು ಜೆರಾಕ್ಸ್ ಆಗಿಯೇ ಮಕ್ಕಳ ಕೈ ಸೇರುವುದು. ಆಗ ಕೆಂಪೂ ಹಸಿರೂ ಒಂದೇ ಬೂದಿ ಬಣ್ಣ, ಅದರ ಮೇಲಿನ ಅಕ್ಷರವೂ ಮಸುಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಚಟುವಟಿಕೆಯಿಂದ ಕಲಿಸುವ ನಲಿಕಲಿಯ ಕಾರ್ಡುಗಳಲ್ಲಿ ಪ್ರತಿ ಚಟುವಟಿಕೆಗೂ ಒಂದು ಚಿತ್ರದ ಗುರುತು ಇದೆ, ಬಣ್ಣ ಹೋದರೂ ಗುರುತು ಉಳಿಯುತ್ತದೆ. ಮೈಸೂರು ಜಿಲ್ಲೆಯದೇ ಅನುಭವ ಕಣ್ಣೆದುರಿಗಿದ್ದೂ ಬಣ್ಣವನ್ನೇ ನಂಬಿದ್ದು ಯಾಕೋ.

ಕೇಳಿದವರಿಗೆ ಕಡತವನ್ನೂ ಕಳಿಸುತ್ತಾರೆ, ಅದು ಒಳ್ಳೆಯದು. ಆದರೆ ಅದು ಹಳೆಯ ನುಡಿ ಫಾಂಟಿನಲ್ಲಿದೆ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರದ ಬದಲು ಕಸ. ಯೂನಿಕೋಡ್‌ಗೆ ಬದಲಿಸಿ ಕೊಡಿ ಎಂದು ಕೇಳಿ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ತಪ್ಪು ನುಸುಳುವುದು ಅಲ್ಲೇ.

ಒಂದು ಶಾಲೆಗೆ ಒಂದು ಪೆಟ್ಟಿಗೆ ಸಾಕು. 60 ರೂಪಾಯಿಯ ಅಭ್ಯಾಸ ಪುಸ್ತಕವನ್ನು ಮಗುವಿಗೊಂದರಂತೆ ಕೊಳ್ಳುವ ಅಗತ್ಯವಿಲ್ಲ: 14ನೇ ಪುಟದ ಚೀಟಿಯನ್ನು ಒಂದು ಎ4 ಹಾಳೆಗೆ ಎರಡರಂತೆ ಜೆರಾಕ್ಸ್ ಮಾಡಿಸಿದರೆ 44 ಮಕ್ಕಳಿಗೆ 22 ಹಾಳೆ, ಕತೆಗೆ ಅವರದೇ ನೋಟ್‌ಬುಕ್, ಸಾಲು ಬಿಟ್ಟು ಸಾಲು. 19ನೇ ಪುಟದ ಮೇಲೆ ಮಾತ್ರ ಬಿಳಿ ಹಾಳೆಯೊಂದನ್ನು ಅಂಟಿಸಿ, ಆರು 'ನಂತರ' ಇರುವ ಪ್ಯಾರಾವನ್ನು ಅದರ ಮೇಲೆ ನೀವೇ ಬರೆದಿಡಿ.